ತಂಕಮಣಿ ಟೀಚರ ಹತ್ತು ವಾಕ್ಯಗಳು

ಜನವರಿ 6, ಸೋಮವಾರ

ಹೊಸ ವರ್ಷದ ಹೊಂಬಿಸಿಲಿನಲ್ಲಿ ಹಿನ್ನೀರು ಬೆಳ್ಳಿಯ ತಟ್ಟೆಯಂತೆ ಥಳಥಳಿಸುತ್ತಿತ್ತು. ಬೆಳ್ಳಕ್ಕಿಗಳ ಸಾಲು ಪ್ರಕೃತಿಮಾತೆಯ ಕೊರಳ ಹಾರದಂತೆ ಕಂಗೊಳಿಸುತ್ತಿತ್ತು. ಇಂಥ ಸುಮಧುರ ಪ್ರಭಾತದಲ್ಲಿ ಹೈಸ್ಕೂಲಿನಿಂದ ಫೋನು ಬಂತು. ಹೆಡ್‌ಮಿಸ್ಟ್ರೆಸ್ ಲತಿಕ ನನ್ನನ್ನು ಕಾಣಬೇಕಂತೆ.

ಲತಿಕ ನನ್ನ ಶಿಷ್ಯೆ; ನಾನು ನಿವೃತ್ತಳಾದದ್ದೂ ಅದೇ ಶಾಲೆಯಿಂದ. ನಾನು ಒಳಗೆ ಕಾಲಿಟ್ಟೊಡನೆ ಕುರ್ಚಿ ಬಿಟ್ಟು ಎದ್ದಳು. ಆ ಸಂಸ್ಕಾರ ಇದೆ. ಆದರೆ ಮುಖ ಸಪ್ಪಗಿತ್ತು. ಮೇಜಿನ ಮೇಲೆ ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆಯ ಆರು ಮಲಯಾಳಂ ಉತ್ತರಪತ್ರಿಕೆಗಳನ್ನು ಸಾಲಾಗಿ ಇಟ್ಟಿದ್ದಳು. ಆರೂ ಹತ್ತನೇ ತರಗತಿಯವು. ಆರೂ ಸಂಜೆ ಹೊತ್ತು ವಾಚನಾಲಯದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳವು.

"ಟೀಚರೇ, ಕೊನೇ ಪ್ರಶ್ನೆ ನೋಡಿ," ಅಂದಳು.

ಪಠ್ಯದಲ್ಲಿಲ್ಲದ ಕವಿತೆಯೊಂದನ್ನು ಕೊಟ್ಟು ವಿಮರ್ಶೆ ಬರೆಯಿರಿ ಎಂಬ ಪ್ರಶ್ನೆ. ರೈಲ್ವೆ ಪ್ಲಾಟ್‌ಫಾರಂ ಮೇಲೆ ತಾಯಿಯ ಕೈ ತಪ್ಪಿಹೋದ ಮಗುವಿನ ಕವಿತೆ. ಆರೂ ಮಕ್ಕಳ ಉತ್ತರ ಅಕ್ಷರಶಃ ಒಂದೇ. "ಸರಳವೂ ಲಲಿತವೂ ಆದ ಭಾಷೆಯಲ್ಲಿ ಮೂಡಿಬಂದ ಈ ಕವಿತೆ ಸಹೃದಯರ ಮನಸೂರೆಗೊಳ್ಳುತ್ತದೆ" ಎಂದು ಶುರು, "ಕಾಲವೆಷ್ಟು ಸರಿದರೂ ಈ ಕವಿತೆ ಚಿರನೂತನ" ಎಂದು ಮುಕ್ತಾಯ. ನಡುವೆ ಆರನೆಯ ವಾಕ್ಯ: "ಇಲ್ಲಿಯ ಪ್ರಕೃತಿವರ್ಣನೆ ಮನೋಹರ." ಕವಿತೆಯಲ್ಲಿ ಇದ್ದದ್ದು ಒಂದು ಕಬ್ಬಿಣದ ಬೆಂಚು, ಒಂದು ನಲ್ಲಿ.

"ಆರೂ ಜನ ಒಂದೇ ರೂಮಲ್ಲಿ ಕೂತಿದ್ರು. ಪೇಪರ್ ನೋಡಿದೋರು ಹೊಸ ಟೀಚರ್, ಬೇರೆ ಜಿಲ್ಲೆಯಿಂದ ಬಂದೋರು. ಕಾಪಿ ಅಂತ ಕೆಂಪು ಶಾಯೀಲಿ ಬರೆದು ಸೊನ್ನೆ ಹಾಕಿದ್ದಾರೆ. ಮನೆಯೋರಿಗೂ ವಿಷಯ ತಿಳಿಸಿ ಆಗಿದೆ." ಲತಿಕ ನನ್ನ ಮುಖವನ್ನೇ ನೋಡಿದಳು. "ಫೆಬ್ರವರಿಯ ಮಾದರಿ ಪರೀಕ್ಷೇಲಿ ಆರು ಜನಾನೂ ಆರು ರೂಮಲ್ಲಿ ಕೂರಿಸ್ತೀನಿ. ಆಗ ಬೇರೆ ಬೇರೆ ಬರೆದ್ರೆ ಸರಿ. ಇಲ್ದಿದ್ರೆ ಕಾಪಿ ಹೊಡೆಯೋರು ಅನ್ನೋ ಹೆಸರು ಇವರಿಗೆ ಗಟ್ಟಿಯಾಗುತ್ತೆ. ನೀವೇನಾದ್ರೂ ಹೇಳೋದಿದೆಯಾ ಟೀಚರೇ?"

"ಮಕ್ಕಳಿಗೆ ಬುದ್ಧಿ ಹೇಳ್ತೀನಿ," ಅಂದೆ.

ಆ ಹತ್ತು ವಾಕ್ಯಗಳು ನನ್ನವು. ಅದನ್ನು ಅಲ್ಲಿ ಹೇಳುವ ಅಗತ್ಯ ಕಾಣಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವು ಎಷ್ಟು ಮಕ್ಕಳನ್ನು ದಡ ಸೇರಿಸಿವೆಯೋ. ಯಾವ ಕವಿತೆಗಾದರೂ ಒಪ್ಪುತ್ತವೆ, ಅದೇ ಅವುಗಳ ಗುಣ. ಒಂದೆರಡು ಪದ ಆಚೀಚೆ ಮಾಡಿ ಬರೆಯಬೇಕೆಂಬ ಬುದ್ಧಿ ಈ ಮಕ್ಕಳಿಗಿಲ್ಲದಿದ್ದರೆ ನಾನೇನು ಮಾಡಲಿ? ಇರಲಿ. ಆರು ವಾರ ಇದೆ. ಈ ತಂಕಮಣಿ ಅಷ್ಟು ಸುಲಭಕ್ಕೆ ಸೋಲುವವಳಲ್ಲ.

ಜನವರಿ 8, ಬುಧವಾರ

ವಾಚನಾಲಯಕ್ಕೆ ಐದೇ ಜನ ಬಂದರು. ತಲೆ ತಗ್ಗಿಸಿ ಕೂತರು. ಆರನೆಯವಳು ರಂಸೀನ, ಆರರಲ್ಲಿ ಕೈಬರಹ ಚೆನ್ನಾಗಿರುವುದು ಅವಳದೊಂದೇ.

"ಅವಳಿನ್ನು ಬರಲ್ಲ ಟೀಚರೇ," ಅಂದ ಜಿಷ್ಣು. ಆ ಹುಡುಗನಿಗೆ ಬಾಯಿ ಸುಮ್ಮನಿರಿಸಿ ಗೊತ್ತಿಲ್ಲ. "ಕದ್ದು ಬರೆಯೋದಕ್ಕೂ ಟ್ಯೂಷನ್ ಬೇಕಾ ಅಂತ ಕೇಳಿದ್ರಂತೆ ಅವರ ಉಮ್ಮ. ಅವತ್ತಿಂದ ಅವಳ ಹತ್ರ ಮಾತೇ ಆಡಿಲ್ವಂತೆ. ಸ್ಕೂಲು ಬಿಟ್ಟ ಮೇಲೆ ರಾಟೆ ತಿರುಗಿಸೋಕೆ ಹಾಕಿದ್ದಾರೆ. ಹತ್ತನೇದು ಮುಗಿದ ಮೇಲೆ ಓದು ಸಾಕು ಅಂದಿದ್ದಾರೆ."

ಅವಳ ತಾಯಿ ನಬೀಸ ಮನೆಯಂಗಳದಲ್ಲಿ ರಾಟೆ ಹಾಕಿ ತೆಂಗಿನ ನಾರಿನ ಹುರಿ ನೂಲುವವಳು.

ಒಂದು ಉಪಾಯ ಹೊಳೆದಿದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹತ್ತು ವಾಕ್ಯ ಕೊಟ್ಟರಾಯಿತು. ಆರು ಜನಕ್ಕೆ ಅರವತ್ತು. ರಾತ್ರಿ ಊಟವಾದ ಮೇಲೆ ಬರೆಯಲು ಕೂತೆ. ಮಲಗುವುದರೊಳಗೆ ಇಪ್ಪತ್ಮೂರು ಆಯಿತು. ಇವರು, ನಮ್ಮ ಯಜಮಾನರು, ಪ್ರಯಾಣಿಕರ ಬೋಟು ನಡೆಸಿ ನಿವೃತ್ತರಾದವರು; ಜಗಲಿಯಲ್ಲಿ ಕೂತು ಪೇಪರು ಓದುತ್ತಾ ನನ್ನನ್ನೇ ಗಮನಿಸುತ್ತಿದ್ದರು.

"ಅರವತ್ತು ವಾಕ್ಯನಾ? ಮೂವತ್ತೈದು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೇ ವಾಕ್ಯ ಹೇಳಿಲ್ಲ ನೀನು," ಅಂದರು.

"ನಿಮ್ಮನ್ನ ಯಾರೂ ಪರೀಕ್ಷೇಲಿ ಕೇಳಿಲ್ಲ," ಅಂದೆ.

ಜನವರಿ 13, ಸೋಮವಾರ

ಶುಕ್ರವಾರ ವಾಕ್ಯಗಳನ್ನು ಹಂಚಿ, ಬಾಯಿಪಾಠ ಮಾಡಿ ಬನ್ನಿ ಎಂದು ಕಳಿಸಿದ್ದೆ. ಇವತ್ತು ಬರೆಸಿ ನೋಡಿದರೆ ಐವರೂ ಜಿಷ್ಣುವಿಗೆ ಕೊಟ್ಟ ಹತ್ತನ್ನೇ ಬರೆದಿದ್ದಾರೆ. ಯಾಕೆ ಅಂದರೆ, "ಅದು ಎಲ್ಲಕ್ಕಿಂತ ಚಿಕ್ಕದು ಟೀಚರೇ."

ನನಗೆ ಮೈಯೆಲ್ಲ ಉರಿದುಹೋಯಿತು. ಐದೂ ಹಾಳೆಗಳನ್ನು ಅವರ ಎದುರಿಗೇ ಹರಿದು ಹಾಕಿದೆ. ಮೂರು ದಿನದ ಕೆಲಸ ನೀರುಪಾಲು.

ಅದೇ ಸಿಟ್ಟಿನಲ್ಲಿ ನೇರ ನಬೀಸಳ ಮನೆಗೆ ಹೋದೆ. ಅಂಗಳದಲ್ಲಿ ಶ್ರಮಜೀವನದ ಸಂಗೀತದಂತೆ ರಾಟೆಯ ನಾದ ಹೊಮ್ಮುತ್ತಿತ್ತು. ರಂಸೀನ ಚಕ್ರ ತಿರುಗಿಸುತ್ತಿದ್ದಳು. ನಬೀಸ ಮತ್ತು ಅವಳ ತಂಗಿ ಹೊಂಬಣ್ಣದ ನಾರನ್ನು ನೂಲುತ್ತಿದ್ದ ದೃಶ್ಯ ಹೃದಯಸ್ಪರ್ಶಿಯಾಗಿತ್ತು.

"ಹುಡುಗೀನ ಕಳಿಸು ನಬೀಸ. ನನ್ನ ಜವಾಬ್ದಾರಿ," ಅಂದೆ.

ಅವಳು ಕೆಲಸ ನಿಲ್ಲಿಸದೆಯೇ ಅಂದಳು: "ನಮ್ಮ ಮನೇಲಿ ಓದಿದೋರು ಯಾರೂ ಇಲ್ಲ ಟೀಚರೇ, ಕದ್ದೋರೂ ಯಾರೂ ಇಲ್ಲ. ಇವಳು ಓದಿ ನಮಗೆ ಕೊಟ್ಟಿದ್ದು ಇದು." ಆಮೇಲೆ ಸ್ವಲ್ಪ ತಡೆದು, "ನೀವು ಮನೆ ತನಕ ಬಂದ್ರಿ ಅಂತ ಕಳಿಸ್ತೀನಿ. ಐದೂವರೆ ತನಕ ರಾಟೆ. ಆಮೇಲೆ ಬರ್ಲಿ," ಅಂದಳು.

ಅವಳು ಕದ್ದಿಲ್ಲ ಎಂದು ನಾನು ಆಗ ಹೇಳಬಹುದಿತ್ತು. ಅಂಗಳದಲ್ಲಿ ಪಕ್ಕದ ಮನೆಯ ಹೆಂಗಸರೂ ಇದ್ದರು. ಬಂದ ಕೆಲಸ ಆಯಿತಲ್ಲ, ಸಾಕು ಎಂದು ಹಿಂತಿರುಗಿದೆ.

ಜನವರಿ 16, ಗುರುವಾರ

ಇವತ್ತಿನಿಂದ ಹತ್ತು ವಾಕ್ಯಗಳು ಬಂದ್. ಬೋರ್ಡಿನ ಮೇಲೆ ಬರೆದು ಹಾಕಿದೆ: ಸರಳ, ಲಲಿತ, ಮನೋಹರ, ಹೃದಯಸ್ಪರ್ಶಿ, ಚಿರನೂತನ, ಇವನ್ನು ಯಾರೂ ಬರೆಯಕೂಡದು. ಸ್ವಂತ ಮಾತಿನಲ್ಲಿ ಬರೆಯಿರಿ ಅಂದೆ.

ಮುಕ್ಕಾಲು ಗಂಟೆ ಆರೂ ಜನ ಪೆನ್ನು ಕಚ್ಚಿಕೊಂಡು ಕೂತರು. ಕೊನೆಗೆ ಜಿಷ್ಣು ಕೇಳಿದ: "ಟೀಚರೇ, ಸ್ವಂತ ಮಾತು ಅಂದ್ರೆ ಯಾವ ಥರದ್ದು? ಒಂದು ಉದಾಹರಣೆ ಬರೆಸಿ."

ಕೈಯಲ್ಲಿದ್ದ ಚಾಕ್ ಎಸೆದೆ. ತಪ್ಪಿಸಿಕೊಂಡ.

ಜನವರಿ 20, ಸೋಮವಾರ

ಹೊಸ ಕವಿತೆ ಕೊಟ್ಟರೆ ಮಕ್ಕಳು ಗಾಬರಿಯಾಗುತ್ತಾರೆಂದು ಹಳೆಯ ಪಠ್ಯದ ಕವಿತೆಯೊಂದನ್ನು ಬೋರ್ಡಿನ ಮೇಲೆ ಬರೆದೆ. ಅಮ್ಮ ಹುರಿ ನೂಲುವುದನ್ನು ಮಗು ನೆನೆಯುವ ಕವಿತೆ. ಇದನ್ನು ನಾನು ಇಪ್ಪತ್ತು ವರ್ಷವಾದರೂ ಕಲಿಸಿದ್ದೇನೆ. ಮುಖ್ಯವಾದ ಸಾಲುಗಳು ಇವು:

ಬೆನ್ನು ತಿರುಗಿಸಿ ನಡೆದಳು ಅಮ್ಮ
ಹೊಂಬಣ್ಣದ ಎಳೆ ಎಳೆಯುತ್ತ;
ತಿರುಗಿ ನೋಡದ ಅಮ್ಮನ ಹಿಂದೆ
ತಿರುಗಿತು ನನ್ನ ರಾಟೆ.

"ಏನನ್ನಿಸುತ್ತೆ, ಹೇಳಿ," ಅಂದೆ. ರಂಸೀನ ಎದ್ದು ನಿಂತಳು. ಬಂದಾಗಿನಿಂದ ಒಂದು ಮಾತೂ ಆಡದವಳು.

"ಟೀಚರೇ, ಇದನ್ನ ಬರೆದೋರು ರಾಟೆ ತಿರುಗಿಸಿಲ್ಲ."

"ಏನು ಹಾಗಂದ್ರೆ?"

"ನೂಲೋರು ಹಿಂದಕ್ಕೆ ನಡೀತಾರೆ ಟೀಚರೇ. ಸೊಂಟದಲ್ಲಿ ನಾರು ಕಟ್ಕೊಂಡು, ಎರಡೂ ಕೈಯಿಂದ ನಾರು ಬಿಡ್ತಾ ಬಿಡ್ತಾ ಹಿಂದ್ ಹಿಂದಕ್ಕೇ ಹೋಗ್ತಾರೆ. ಮುಖ ರಾಟೆ ಕಡೆಗೇ ಇರುತ್ತೆ. ರಾಟೆ ಹತ್ರ ಕೂತಿರೋ ಮಗೂಗೆ ಅಮ್ಮನ ಬೆನ್ನು ಕಾಣೋದೇ ಇಲ್ಲ. ನನಗೆ ಉಮ್ಮನ ಮುಖಾನೇ ಕಾಣೋದು. ಅದು ಅಂಗಳದ ಆ ತುದಿ ತನಕ ಹೋಗ್ತಾ ಹೋಗ್ತಾ ಚಿಕ್ಕದಾಗುತ್ತೆ, ಅಷ್ಟೇ."

ಮಕ್ಕಳು ನನ್ನ ಕಡೆ ನೋಡಿದರು.

"ಕವಿಗೆ ಸ್ವಾತಂತ್ರ್ಯ ಅಂತ ಒಂದಿರುತ್ತೆ. ಕೂತ್ಕೋ," ಅಂದೆ. ದನಿ ಅಗತ್ಯಕ್ಕಿಂತ ಜೋರಾಯಿತು. ಅರ್ಧ ಗಂಟೆ ಮೊದಲೇ ಪಾಠ ಮುಗಿಸಿದೆ.

ಜನವರಿ 21, ಮಂಗಳವಾರ

ಇವತ್ತು ಏನೂ ಬರೆಯುವುದಿಲ್ಲ.

ಜನವರಿ 23, ಗುರುವಾರ

ನನ್ನ ಅಮ್ಮನೂ ಹುರಿ ನೂಲುತ್ತಿದ್ದಳು. ಏಳನೇ ವಯಸ್ಸಿನಿಂದ ಹನ್ನೆರಡರವರೆಗೆ ಅವಳ ರಾಟೆ ತಿರುಗಿಸಿದವಳು ನಾನು. ಕೆಲಸ ಸಿಕ್ಕಿ ಈ ಊರಿಗೆ ಬಂದ ಮೇಲೆ ಯಾರಾದರೂ ಕೇಳಿದರೆ ಅಮ್ಮ ಮನೆಯಲ್ಲೇ ಇದ್ದಳು ಅನ್ನುತ್ತಿದ್ದೆ. ಸುಳ್ಳಲ್ಲ, ಅಂಗಳವೂ ಮನೆಯದೇ.

ಅಮ್ಮನ ಅಂಗೈ ಒಡೆದು ಗೀರು ಬಿದ್ದಿರುತ್ತಿತ್ತು. ಕೊಳೆತ ತೆಂಗಿನ ಸಿಪ್ಪೆಯ ವಾಸನೆ ಅವಳ ಮೈಯಿಂದ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವಳು ಹಿಂದಕ್ಕೆ ನಡೆಯುತ್ತಿದ್ದಳು. ದಿನಕ್ಕೆ ಎಷ್ಟೋ ಮೈಲಿ, ಹಲಸಿನ ಮರದವರೆಗೆ ಹಿಂದಕ್ಕೆ, ಮತ್ತೆ ರಾಟೆಯವರೆಗೆ ಬಂದು ಮತ್ತೆ ಹಿಂದಕ್ಕೆ. ಅವಳ ಮುಖ ನನ್ನ ಕಡೆಗೇ ಇರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದು ಇಪ್ಪತ್ತು ವರ್ಷ ಆ ಕವಿತೆಯ ಮುಂದೆ ನಿಂತು ಮನೋಹರ ಅಂದೆ. ನಬೀಸಳ ಅಂಗಳದಲ್ಲಿ ನಿಂತಾಗಲೂ ನನಗೆ ಕಾಣಲಿಲ್ಲ. ಹದಿನೈದು ವರ್ಷದ ಹುಡುಗಿಗೆ ಕಂಡದ್ದಕ್ಕೆ ಸಿಟ್ಟು ಮಾಡಿದೆ. ನಾಚಿಕೆಯಾಗುತ್ತಿದೆ.

ಜನವರಿ 24, ಶುಕ್ರವಾರ

ಪಾಠ ಶುರು ಮಾಡುವ ಮೊದಲೇ ಹೇಳಿಬಿಟ್ಟೆ: "ರಂಸೀನ ಸೋಮವಾರ ಹೇಳಿದ್ದು ಸರಿ. ನಾನು ಚಿಕ್ಕವಳಿದ್ದಾಗ ರಾಟೆ ತಿರುಗಿಸಿದ್ದೀನಿ. ನನಗದು ಗೊತ್ತಿರಬೇಕಿತ್ತು."



ಬೋರ್ಡಿನ ಮೇಲಿದ್ದ ನಿಷೇಧಿತ ಪದಗಳನ್ನು ಅಳಿಸಿದೆ. ಬರೀ ಬೇಡ ಬೇಡ ಎಂದರೆ ಮಕ್ಕಳು ಬರೆಯುವುದೇನು? ಬದಲಿಗೆ ಮೂರು ಪ್ರಶ್ನೆ ಕೊಟ್ಟೆ. ನಿನಗೆ ಏನನ್ನಿಸಿತು? ಯಾವ ಸಾಲು ಓದಿದಾಗ ಅನ್ನಿಸಿತು? ಯಾಕೆ ಅನ್ನಿಸಿತು? ಅನ್ನಿಸಿದ್ದು ಏನೇ ಆಗಿರಲಿ, ಸಾಲನ್ನು ತೋರಿಸದೆ ಬಿಡುವ ಹಾಗಿಲ್ಲ.

ಜನವರಿ 30, ಗುರುವಾರ

ಇವತ್ತು ವಾಚನಾಲಯದಲ್ಲಿ ಜಗಳ. ಕೇರಂ ಆಡುತ್ತಿದ್ದವರೂ ಆಟ ನಿಲ್ಲಿಸಿ ಕೇಳಿದರು.

ಅದೇ ಕವಿತೆ. ರಂಸೀನ ಎರಡು ಪುಟ ಬರೆದು ತಂದಿದ್ದಳು. ಅಮ್ಮ ಮುಖ ತೋರಿಸಿಕೊಂಡೇ ದೂರ ಹೋಗುವುದು ಬೆನ್ನು ತಿರುಗಿಸುವುದಕ್ಕಿಂತ ಹೆಚ್ಚು ಕಷ್ಟದ್ದು, ಕವಿ ಸುಲಭವಾದದ್ದನ್ನು ಆರಿಸಿಕೊಂಡಿದ್ದಾರೆ ಎಂದು ವಾದ. ನಾನು ಬರೆದರೂ ಇದಕ್ಕಿಂತ ಚೆನ್ನಾಗಿ ಬರೆಯಲಾರೆ. ಆಗ ಜಿಷ್ಣು ಎದ್ದ.

"ನಾನು ಒಪ್ಪಲ್ಲ. ಕವಿ ಹೇಳಿದ್ದೇ ಸರಿ."

"ನೀನು ರಾಟೆ ನೋಡಿದ್ದೀಯೇನೋ?" ಅಂದಳು ಅವಳು.

"ನೋಡೋಕೆ ಅಂತಲೇ ನಿನ್ನೆ ನಿಮ್ಮ ಬೇಲಿ ಹತ್ರ ನಿಂತಿದ್ದೆ. ಮುಖ ಈ ಕಡೆ ಇರುತ್ತೆ, ಸರಿ. ಆದ್ರೆ ಕಣ್ಣು? ಕಣ್ಣು ಹುರಿ ಮೇಲಿರುತ್ತೆ. ಮಗೂನ ನೋಡ್ತಾ ಕೂತ್ರೆ ಹುರಿ ಒಂದ್ಕಡೆ ದಪ್ಪ ಒಂದ್ಕಡೆ ಸಣ್ಣ ಆಗಲ್ವಾ? 'ತಿರುಗಿ ನೋಡದ ಅಮ್ಮ' ಅಂದಿದ್ದು ಅದಕ್ಕೇ. ಎದುರಿಗಿದ್ರೂ ನೋಡಲ್ಲ ಅಂತ."

ನಾನು ಮೇಜು ತಟ್ಟಿ ಭೇಷ್ ಅನ್ನುವುದರಲ್ಲಿದ್ದೆ. ರಂಸೀನಳ ಮುಖ ನೋಡಿ ಕೈ ನಿಂತಿತು.

"ಅದು ಹೌದು," ಅಂದಳು. ತುಂಬ ಮೆತ್ತಗೆ. "ಡಿಸೆಂಬರಿಂದ ಉಮ್ಮ ಹುರಿ ಮಾತ್ರ ನೋಡ್ತಾರೆ."

ಕೂತು ತನ್ನ ಎರಡನೆಯ ಪುಟದ ಕೆಳಗೆ ಜಿಷ್ಣುವಿನ ಮಾತನ್ನೂ ಸೇರಿಸಿ ಬರೆದಳು. ಎದುರು ವಾದವನ್ನೂ ಸೇರಿಸಬೇಕೆಂದು ನಾನು ಇನ್ನೂ ಹೇಳಿಕೊಟ್ಟೇ ಇಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಆ ಹುಡುಗಿ ಹೊತ್ತಿರುವುದು ನನ್ನ ಹೊರೆ. ಪರೀಕ್ಷೆ ಮುಗಿಯಲಿ, ಆರು ಉತ್ತರ ಆರು ಥರ ಬಂದರೆ ಎಲ್ಲ ತಾನಾಗಿ ಸರಿಹೋಗುತ್ತದೆ.

ಫೆಬ್ರವರಿ 9, ಭಾನುವಾರ

ಬಿಸಿಲು. ಹಿನ್ನೀರಿನ ಕೆಸರು ನಾರುತ್ತಿದೆ.

ರಜೆಯಾದರೂ ಪಾಠ ಮಾಡಿದೆ. ಒಂಬತ್ತು ಕವಿತೆ ಮುಗಿಯಿತು. ಒಬ್ಬ ಹುಡುಗ "ಮೂರನೇ ಸಾಲಿನವರೆಗೆ ಅರ್ಥವಾಯಿತು, ಅಲ್ಲಿಂದ ಮುಂದೆ ಇಲ್ಲ, ಏಕೆಂದರೆ ಯಾರು ಮಾತಾಡುತ್ತಿದ್ದಾರೆ ಎಂದು ಕವಿ ಹೇಳಿಲ್ಲ" ಎಂದು ಬರೆದಿದ್ದ. ಹಿಂದಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಇವತ್ತು ಒಂದು ಗಂಟೆ ಅದರ ಮೇಲೇ ಮಾತಾಡಿದೆವು.

ಇವರು ಬಾಳೆಹಣ್ಣಿನ ಬಜ್ಜಿ ಕಟ್ಟಿಸಿಕೊಂಡು ವಾಚನಾಲಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮನೆಗೆ ಬರುವಾಗ ಅಂದರು: "ನೀನು ಈಗೀಗ ಕಡಿಮೆ ಮಾತಾಡ್ತೀಯ."

"ಗಂಟಲು ಸರಿಯಿಲ್ಲ," ಅಂದೆ.

ಫೆಬ್ರವರಿ 18, ಮಂಗಳವಾರ

ಮಾದರಿ ಪರೀಕ್ಷೆ. ಆರು ಜನ, ಆರು ರೂಮು. ಗೇಟಿನ ಹೊರಗೆ ನಿಂತಿದ್ದೆ. ಕೊಟ್ಟದ್ದು ಸೇತುವೆ ಬಂದು ದೋಣಿ ನಿಂತುಹೋದ ಊರಿನ ಕವಿತೆ. ಏನು ಬರೆದಿರಿ ಎಂದು ಯಾರನ್ನೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ಫೆಬ್ರವರಿ 25, ಮಂಗಳವಾರ

ಲತಿಕ ಕರೆಸಿದ್ದಳು. ಅದೇ ಮೇಜು, ಆರು ಪತ್ರಿಕೆ. ಈ ಸಲ ನಗುತ್ತಿದ್ದಳು.

"ಒಂದಕ್ಕೊಂದು ಸಂಬಂಧವೇ ಇಲ್ಲ ಟೀಚರೇ. ಈ ಜಿಷ್ಣು ನೋಡಿ. ಕವಿಗೆ ದೋಣಿ ಬೇಕಂತೆ, ಅವನಜ್ಜಿಗೆ ಆಸ್ಪತ್ರೆ ಬೇಕಂತೆ, ಸೇತುವೆ ಇರೋದ್ರಿಂದ ಅಜ್ಜಿ ಬದುಕಿದ್ರಂತೆ. ಆದ್ರೂ ಎಂಟನೇ ಸಾಲು ಓದಿದಾಗ ಗಂಟಲು ಕಟ್ತು, ಯಾಕೆ ಗೊತ್ತಿಲ್ಲ ಅಂತ ಬರೆದಿದ್ದಾನೆ. ರಂಸೀನಂದು ಸ್ಟಾಫ್ ರೂಮಲ್ಲಿ ಎಲ್ಲರೂ ಓದಿದ್ವಿ. ಅದೇ ಹೊಸ ಟೀಚರ್ ಆರಕ್ಕೆ ಆರು ಕೊಟ್ಟಿದ್ದಾರೆ." ಪತ್ರಿಕೆಗಳನ್ನು ಒಟ್ಟುಮಾಡಿ ಇಟ್ಟಳು. "ಅಂತೂ ಕಾಪಿ ಹೊಡೆಯೋದು ಬಿಟ್ರು. ಸಾಕು."

ನಾನು ಎದ್ದು ಬರಬಹುದಿತ್ತು. ಅಂದುಕೊಂಡ ಕೆಲಸ ಗೆದ್ದಾಗಿತ್ತು. ಆದರೆ ಆ ಕೊನೆಯ ಮಾತು ಕೇಳಿ ಕಾಲು ಏಳಲಿಲ್ಲ.

"ಅವರು ಯಾವತ್ತೂ ಕಾಪಿ ಹೊಡೆದಿಲ್ಲ ಲತಿಕ. ಆ ಹತ್ತು ವಾಕ್ಯ ನಾನು ಬಾಯಿಪಾಠ ಮಾಡಿಸಿದ್ದು. ಜನವರಿಯಲ್ಲೇ ಹೇಳ್ಬೇಕಿತ್ತು. ಮರ್ಯಾದೆಗೆ ಹೆದರಿ ಹೇಳ್ಲಿಲ್ಲ."

ಲತಿಕ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ನನಗೆ ಗೊತ್ತಿತ್ತು ಟೀಚರೇ," ಅಂದಳು. "ತೊಂಬತ್ತೆರಡರಲ್ಲಿ ನಾನು ಪಾಸಾಗಿದ್ದೂ ಅದೇ ಹತ್ತು ವಾಕ್ಯ ಬರೆದು. ಮೊದಲ್ನೇ ಪೇಪರ್ ನೋಡಿದ ಕೂಡ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ನೀವೇ ಹೇಳ್ತೀರಿ ಅಂತ ಕಾದೆ. ನನ್ನ ಟೀಚರ್ ತಪ್ಪನ್ನ ನಾನು ಹೇಗೆ ಎತ್ತಿ ಆಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. "ಚೆನ್ನಾಗಿದೆ. ನಿನಗೆ ನನ್ನ ಮರ್ಯಾದೆ ದೊಡ್ಡದು, ನನಗೂ ನನ್ನ ಮರ್ಯಾದೆ ದೊಡ್ಡದು. ಇಬ್ಬರೂ ಸೇರಿ ಆ ಮಗೂನ ಎರಡು ತಿಂಗಳು ಕಳ್ಳಿ ಮಾಡಿದ್ವಿ."

ಲತಿಕಳ ಕಣ್ಣಲ್ಲಿ ನೀರು ಬಂತು.

"ಅಳೋದು ಆಮೇಲೆ," ಅಂದೆ. "ನಾಳೆ ಆ ಹಳೇ ಪೇಪರ್‌ಗಳನ್ನ ತಗೊಂಡು ನನ್ನ ಜೊತೆ ಬಾ. ಆರು ಮನೆಗೂ ಹೋಗೋಣ."

ಫೆಬ್ರವರಿ 26, ಬುಧವಾರ

ಐದು ಮನೆ ಮುಗಿಸಿ ಕೊನೆಗೆ ನಬೀಸಳ ಮನೆ. ಒಂದು ಮನೆಯಲ್ಲಿ ಚಹಾ ಕೊಟ್ಟರು, ಒಂದು ಮನೆಯಲ್ಲಿ ಒಳಗೆ ಕರೆಯಲಿಲ್ಲ. ಎರಡೂ ಸರಿಯೇ.

ನಬೀಸಳ ಅಂಗಳದಲ್ಲಿ ಇವತ್ತೂ ಪಕ್ಕದ ಮನೆಯ ಹೆಂಗಸರಿದ್ದರು. ಇರಲಿ ಅಂದುಕೊಂಡೆ. ನಾವು ಬೇಲಿ ದಾಟಿದ್ದನ್ನು ನೋಡಿ ರಂಸೀನ ರಾಟೆ ನಿಲ್ಲಿಸಿದಳು.

"ನಬೀಸ, ನಿನ್ನ ಮಗಳು ಕದ್ದಿಲ್ಲ. ಅವತ್ತು ಅವರೆಲ್ಲ ಬರೆದಿದ್ದು ನಾನು ಬರೆಸಿ ಕಲಿಸಿದ್ದು..."

"ನನಗೆ ಹೇಳ್ಬೇಡಿ ಟೀಚರೇ," ಅಂದಳು ನಬೀಸ. ಸೊಂಟದ ನಾರು ಬಿಚ್ಚಿ ಚಾಪೆಯ ಮೇಲಿಟ್ಟಳು. "ನಾನು ಅವಳನ್ನ ಅಂದಿದ್ದನ್ನ ನಾನು ನೋಡ್ಕೋತೀನಿ. ನೀವು ಹೇಳೋದನ್ನ ಅವಳಿಗೆ ಹೇಳಿ."

ನಾನು ರಂಸೀನಳ ಎದುರಿಗೆ ಹೋಗಿ ನಿಂತೆ. ಮೂವತ್ತೊಂದು ವರ್ಷದ ಕೆಲಸದಲ್ಲಿ ಯಾವ ಮಗುವಿನ ಮುಂದೆಯೂ ಹೀಗೆ ನಿಂತವಳಲ್ಲ. ಸಿದ್ಧ ಮಾಡಿಕೊಂಡು ಹೋಗಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ.

"ತಪ್ಪು ನಂದು ಮಗಳೇ. ನಿನಗೆ ಕಳ್ಳಿ ಅಂದಾಗ ನಾನು ಬಾಯಿ ಮುಚ್ಕೊಂಡಿದ್ದೆ. ಕ್ಷಮಿಸು."

ಅವಳು ನೆಲ ನೋಡುತ್ತಿದ್ದಳು. ನಬೀಸ ಬಂದು ಅವಳ ಪಕ್ಕದಲ್ಲಿ ನಿಂತು ತಲೆಯ ಶಾಲು ಸರಿಮಾಡಿದಳು. ಆ ಕೈಯನ್ನು ಮಗಳು ಹಿಡಿದುಕೊಂಡಳು.

ಲತಿಕ ಚೀಲದಿಂದ ಡಿಸೆಂಬರಿನ ಪತ್ರಿಕೆ ತೆಗೆದಳು. "ಇದನ್ನ ಸರಿ ಮಾಡ್ತೀನಿ ರಂಸೀನ. ಕಾಪಿ ಅನ್ನೋದನ್ನ ಹೊಡೆದು ಹಾಕ್ತೀನಿ, ಸೊನ್ನೆ ತೆಗೆದು ಮಾರ್ಕ್ಸ್ ಕೊಡ್ತೀನಿ. ಉಳಿದ ಐದು ಜನಕ್ಕೂ ಕೊಟ್ಟ ಹಾಗೆ, ಆರಕ್ಕೆ ನಾಲ್ಕು."

ರಂಸೀನ ಪತ್ರಿಕೆ ಇಸಿದುಕೊಂಡು ತನ್ನ ಉತ್ತರವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಹತ್ತು ವಾಕ್ಯ, ಎಷ್ಟು ಹೊತ್ತು ಬೇಕು. ಆದರೂ ಒಂದೊಂದನ್ನೂ ಬೆರಳಿಟ್ಟು ಓದಿದಳು.

"ಕಾಪಿ ಅನ್ನೋದು ಹೊಡೆದು ಹಾಕಿ ಟೀಚರ್," ಅಂದಳು ಲತಿಕಳಿಗೆ. "ಸೊನ್ನೆ ಇರ್ಲಿ."

"ಯಾಕೆ?"

"ಇದರಲ್ಲಿ ನಂದು ಅಂತ ಒಂದು ವಾಕ್ಯನೂ ಇಲ್ಲ."

ಲತಿಕ ನನ್ನ ಕಡೆ ನೋಡಿದಳು. ಅವಳು ಹೇಳಿದ ಹಾಗೆ ಮಾಡು ಅಂದೆ. ಕಾಪಿ ಎಂಬ ಪದದ ಮೇಲೆ ಎರಡು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದಳು. ಸೊನ್ನೆಯನ್ನು ಮುಟ್ಟಲಿಲ್ಲ. ಅದು ನನಗೆ ಹಾಕಿದ ಅಂಕ, ಸರಿಯಾಗಿಯೇ ಹಾಕಿದ್ದಾರೆ.